ಆಗ್ನೇಯದ ಆಕಾಶ ಕಾಣುತ್ತದೆಯೇ?

ಓದುಗರ ಪ್ರಶ್ನೆ – ಉತ್ತರ

ಮಳೆಗಾಲ ಮುಗಿದು ದಸರೆ, ದೀಪಾವಳಿ ಹತ್ತಿರವಾಗುತ್ತಿದ್ದಂತೆ ಹೊಸ ಟಿವಿ ಕೊಳ್ಳುವವರು, ಹಳೆಯ ಡಿಶ್ ಬದಲಾಯಿಸುವವರು ಹೆಚ್ಚುತ್ತಾರೆ. ಮುಂಬಯಿ, ಪುಣೆ, ಗೋವೆಗಳಿಂದ ಈ ಬಾರಿ ಬಂದ ಪತ್ರಗಳಲ್ಲಿ ಬಹುಪಾಲು ಇದನ್ನೇ ಕುರಿತು ಇದ್ದುದರಿಂದ ಸಂಚಿಕೆಯ ಪುಟಗಳನ್ನು ಪೂರ್ತಿ ಇದಕ್ಕೇ ಮೀಸಲಿಟ್ಟಿದ್ದೇನೆ.

ಪ್ರಶ್ನೆ: ನಾವು ಡೊಂಬಿವಲಿಯ ಏಳು ಮಹಡಿಗಳ ಸೊಸೈಟಿಯೊಂದರಲ್ಲಿ ಮೂರನೇ ಮಹಡಿಯಲ್ಲಿದ್ದೇವೆ. ಹಾಲ್‌ನ ಕಿಟಕಿ ಪಶ್ಚಿಮಕ್ಕೂ ಅಡುಗೆಮನೆಯ ಕಿಟಕಿ ಪೂರ್ವಕ್ಕೂ ಇವೆ. ಎಚ್‌ಡಿ ಸಂಪರ್ಕಕ್ಕೆ ಹಣ ಕಟ್ಟಿದ ಮೇಲೆ ಬಂದ ಟೆಕ್ನೀಷಿಯನ್ ಹಾಲ್‌ನ ಗ್ರಿಲ್ ಬಳಿ ಮೀಟರ್ ಹಿಡಿದು ನೋಡಿ, ಇಲ್ಲಿ ಸಿಗ್ನಲ್ ಸಿಗುವುದಿಲ್ಲ, ಟೆರೇಸ್ ಬೇಕು ಎಂದು ಹೇಳಿ ಹೊರಟುಹೋದರು. ಟೆರೇಸ್‌ಗೆ ಸೊಸೈಟಿಯ ಸೆಕ್ರೆಟರಿ ಒಪ್ಪುತ್ತಿಲ್ಲ. ಅಡುಗೆಮನೆಯ ಎದುರಿಗೆ ಸುಮಾರು 60 ಅಡಿ ದೂರದಲ್ಲಿ 12 ಮಹಡಿಗಳ ಹೊಸ ಕಟ್ಟಡ ಎದ್ದಿದೆ. ನಮಗೆ ಡಿಶ್‌ನ ಯೋಗವೇ ಇಲ್ಲವೇ?
– ನಿವೃತ್ತ ಬ್ಯಾಂಕ್ ನೌಕರರು, ಡೊಂಬಿವಲಿ

ಉತ್ತರ: ಖಂಡಿತ ಇದೆ ಎಂದೇ ನನಗನ್ನಿಸುತ್ತದೆ, ಆದರೆ ಹಾಲ್‌ನ ಕಿಟಕಿಯಲ್ಲಲ್ಲ. ನಮ್ಮ ದೇಶದ ಡಿಟಿಎಚ್ ಸೇವೆಗಳೆಲ್ಲ ಬಳಸುವ ಉಪಗ್ರಹಗಳು ಭೂಮಧ್ಯರೇಖೆಯ ಮೇಲೆ, ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿ, ಭೂಮಿಯ ಜೊತೆಗೇ ಸುತ್ತುತ್ತ ಒಂದೇ ಕಡೆ ನಿಂತಂತೆ ಕಾಣುತ್ತವೆ. ಮುಂಬಯಿ ದೇಶದ ಪಶ್ಚಿಮದ ಅಂಚಿನಲ್ಲಿರುವುದರಿಂದ ನಮಗೆ ಅವೆಲ್ಲ ಆಗ್ನೇಯದ ಆಕಾಶದಲ್ಲೇ ಸಿಗುತ್ತವೆ. ಪಶ್ಚಿಮದ ಅಥವಾ ಉತ್ತರದ ಗೋಡೆಗೆ ಡಿಶ್ ಕಟ್ಟಿದರೆ ಅದಕ್ಕೂ ಉಪಗ್ರಹಕ್ಕೂ ನಡುವೆ ನಿಮ್ಮ ಕಟ್ಟಡವೇ ನಿಂತಿರುತ್ತದೆ. ಯಾವ ಮೀಟರೂ ಅಲ್ಲಿ ಏನನ್ನೂ ತೋರಿಸದು. ವಾಸ್ತು ನೋಡಿ ಕಟ್ಟಿದ ಮನೆಗಳಲ್ಲಿ ಅಡುಗೆಮನೆಯನ್ನು ಆಗ್ನೇಯದ ಮೂಲೆಗೆ ಕೊಡುವ ರೂಢಿ ನಿಮಗೆ ಗೊತ್ತೇ ಇದೆ. ಒಲೆಯ ಮೂಲೆಯೇ ಡಿಶ್‌ನ ಮೂಲೆಯೂ ಆಗಬಹುದೆಂದು ಬಂದವರಿಗೆ ಹೊಳೆಯಬೇಕಿತ್ತು. ಟಿವಿ ಇರುವುದು ಹಾಲ್‌ನಲ್ಲಿ ಎಂಬ ಕಾರಣಕ್ಕೆ ಹಾಲ್‌ನ ಗ್ರಿಲ್ ಒಂದನ್ನೇ ನೋಡಿ ಹೊರಟುಬಿಡುವುದು ನಾನು ಮತ್ತೆ ಮತ್ತೆ ಕಾಣುವ ತಪ್ಪು. ಕೇಬಲ್ ಹತ್ತು ಮೀಟರ್ ಹೆಚ್ಚು ಎಳೆಯುವುದರಿಂದ ಚಿತ್ರಕ್ಕೇನೂ ಕುಂದಾಗದು.

ಇನ್ನು ಎದುರಿನ ಕಟ್ಟಡದ ಮಾತು. ಇಲ್ಲಿ ಯಾವ ಕಂಪನಿ ಎಂಬುದು ಮುಖ್ಯವಾಗುತ್ತದೆ, ಏಕೆಂದರೆ ಒಂದೊಂದು ಸೇವೆ ಒಂದೊಂದು ಉಪಗ್ರಹವನ್ನು ನಂಬಿಕೊಂಡಿದೆ. ಟಾಟಾ ಪ್ಲೇಯದು ಪೂರ್ವ ರೇಖಾಂಶ 83 ಡಿಗ್ರಿಯಲ್ಲಿ, ದೂರದರ್ಶನದ ಡಿಡಿ ಫ್ರೀ ಡಿಶ್‌ನದು 93.5 ಡಿಗ್ರಿಯಲ್ಲಿ, ಡಿಶ್ ಟಿವಿಯದು 95 ಡಿಗ್ರಿಯಲ್ಲಿ, ಏರ್‌ಟೆಲ್‌ನದು 108.2 ಡಿಗ್ರಿಯಲ್ಲಿ ಇದೆ. ಉಪಗ್ರಹ ಪೂರ್ವಕ್ಕೆ ಸರಿದಷ್ಟೂ ನಮ್ಮ ಕಣ್ಣಿಗೆ ಅದು ದಿಗಂತದ ಕಡೆಗೆ ಇಳಿಯುತ್ತದೆ. ಮುಂಬಯಿಯಿಂದ ಲೆಕ್ಕ ಹಾಕಿದರೆ 83 ಡಿಗ್ರಿಯ ಉಪಗ್ರಹ ನೆಲಮಟ್ಟದಿಂದ ಸುಮಾರು 65 ಡಿಗ್ರಿ ಮೇಲಿದೆ, 93.5ರದು 57 ಡಿಗ್ರಿಗಿಂತ ತುಸು ಹೆಚ್ಚು, 108.2ರದು 44 ಡಿಗ್ರಿ ಮಾತ್ರ. ಇದನ್ನೇ ಮಹಡಿಗಳ ಲೆಕ್ಕಕ್ಕೆ ತನ್ನಿ. ಎದುರಿನ ಕಟ್ಟಡ ನಿಮ್ಮಿಂದ 60 ಅಡಿ, ಎಂದರೆ ಸುಮಾರು 18 ಮೀಟರ್ ದೂರದಲ್ಲಿದೆ. ಏರ್‌ಟೆಲ್‌ನ ಉಪಗ್ರಹಕ್ಕೆ ಆ ಕಟ್ಟಡ ನಿಮ್ಮ ಡಿಶ್‌ಗಿಂತ ಹದಿನೇಳು, ಹದಿನೆಂಟು ಮೀಟರ್, ಅಂದರೆ ಆರು ಮಹಡಿ, ಮೇಲೆದ್ದರೆ ದಾರಿ ಮುಚ್ಚಿತು. ಫ್ರೀ ಡಿಶ್‌ನ ಉಪಗ್ರಹಕ್ಕಾದರೆ ಒಂಬತ್ತು ಮಹಡಿಗಳವರೆಗೂ, 83 ಡಿಗ್ರಿಯದಕ್ಕೆ ಹನ್ನೆರಡು ಮಹಡಿಗಳವರೆಗೂ ಅಡ್ಡಿಯಿಲ್ಲ. ನೀವಿರುವುದು ಮೂರನೆಯದರಲ್ಲಿ, ಅದು ಹನ್ನೆರಡರದು, ವ್ಯತ್ಯಾಸ ಒಂಬತ್ತು. ಡಿಶ್ ನೇರ ಪೂರ್ವಕ್ಕೆ ನೋಡದೆ ದಕ್ಷಿಣಕ್ಕೆ ಓರೆಯಾಗಿ ನೋಡುವುದರಿಂದ ಆ ದಿಕ್ಕಿನಲ್ಲಿ ಕಟ್ಟಡದವರೆಗಿನ ದೂರ 60 ಅಡಿಗಿಂತ ಹೆಚ್ಚೇ ಆಗುತ್ತದೆ, ಆದ್ದರಿಂದ ಮೊದಲ ಮೂರು ಸೇವೆಗಳಿಗೆ ಅಡುಗೆಮನೆಯ ಕಿಟಕಿ ಸಾಕು, ನಾಲ್ಕನೆಯದಕ್ಕೆ ಸಾಲದು. ಹಣ ಕಟ್ಟುವ ಮುನ್ನವೇ ಈ ಲೆಕ್ಕವನ್ನು ಯಾರಾದರೂ ನಿಮಗೆ ಹೇಳಿದ್ದರೆ ಇಷ್ಟು ಅಲೆದಾಟ ಇರುತ್ತಿರಲಿಲ್ಲ ಎಂದು ನನಗೆ ಬೇಸರವಾಗುತ್ತದೆ.

ದಿಕ್ಕು ನೋಡಲು ಮೊಬೈಲ್‌ನ ದಿಕ್ಸೂಚಿ ಸಾಕು, ಆದರೆ ಅದನ್ನು ಕಬ್ಬಿಣದ ಗ್ರಿಲ್‌ಗೆ ತಾಗಿಸಿ ಹಿಡಿದರೆ ಮುಳ್ಳು ದಾರಿ ತಪ್ಪುತ್ತದೆ. ಒಂದೆರಡು ಹೆಜ್ಜೆ ಒಳಗೆ ನಿಂತು ನೋಡಿ. ಫ್ರೀ ಡಿಶ್‌ನ ಉಪಗ್ರಹಕ್ಕೆ ಉತ್ತರದಿಂದ ಬಲಕ್ಕೆ 131 ಡಿಗ್ರಿ ಬರಬೇಕು. ಯಾವ ಉಪಕರಣವೂ ಬೇಡದ ಇನ್ನೊಂದು ಉಪಾಯವೂ ಇದೆ. ಮಾರ್ಚ್ ಎರಡನೇ ವಾರ ಮತ್ತು ಅಕ್ಟೋಬರ್ ಮೊದಲ ವಾರದಲ್ಲಿ, ಬೆಳಗ್ಗೆ 11 ಗಂಟೆಯ ಆಸುಪಾಸಿನಲ್ಲಿ, ಸೂರ್ಯನು ಮುಂಬಯಿಗೆ ಸರಿಯಾಗಿ ಈ ಉಪಗ್ರಹದ ಬೆನ್ನ ಹಿಂದೆ ಬರುತ್ತಾನೆ. ಆ ಹೊತ್ತಿಗೆ ಗ್ರಿಲ್‌ನ ಯಾವ ಮೂಲೆಯಲ್ಲಿ ಬಿಸಿಲು ಬಿದ್ದಿರುತ್ತದೋ ಅಲ್ಲಿ ಸಿಗ್ನಲ್ಲೂ ಬೀಳುತ್ತದೆ. ಮೇಲಿನ ಮನೆಯ ಸಜ್ಜದ ನೆರಳಿದ್ದರೆ ಡಿಶ್ಶನ್ನು ಇನ್ನಷ್ಟು ಹೊರಗೆ ಚಾಚಬೇಕೆಂದು ತಿಳಿಯಿರಿ. ಆ ದಿನಗಳಲ್ಲಿ ಕೆಲವೇ ನಿಮಿಷ ಚಿತ್ರ ಮಾಯವಾಗುವುದೂ ಇದರಿಂದಲೇ, ಅದಕ್ಕೆ ಯಾರನ್ನೂ ಕರೆಸಬೇಕಾಗಿಲ್ಲ.

ಸೆಕ್ರೆಟರಿಯವರ ಮೇಲೆ ಮುನಿಸಿಕೊಳ್ಳಬೇಡಿ. ಟೆರೇಸ್ ಎಲ್ಲ ಸದಸ್ಯರ ಸ್ವತ್ತು, ಇಪ್ಪತ್ತೆಂಟು ಮನೆಗಳವರು ಇಪ್ಪತ್ತೆಂಟು ಡಿಶ್ ಹಾಕಿ ಮೊಳೆ ಹೊಡೆದರೆ ನೀರು ಸೋರುವುದು ಏಳನೇ ಮಹಡಿಯವರಿಗೆ. ಬಾಯಿಮಾತಿನಲ್ಲಿ ಕೇಳುವ ಬದಲು, ಒಂದೇ ಡಿಶ್‌ನಿಂದ ಮಲ್ಟಿಸ್ವಿಚ್ ಮೂಲಕ ಹಲವು ಮನೆಗಳಿಗೆ ಸಿಗ್ನಲ್ ಹಂಚುವ ವ್ಯವಸ್ಥೆಯನ್ನು ನಾಲ್ಕಾರು ಮನೆಯವರು ಕೂಡಿ ಕಮಿಟಿಗೆ ಲಿಖಿತವಾಗಿ ಕೇಳಿದರೆ ಒಪ್ಪಿಗೆ ಸಿಗುವುದು ಸುಲಭ. ಗ್ರಿಲ್‌ನ ಹೊರಗೆ ಡಿಶ್ ಚಾಚುವುದಕ್ಕೂ ಒಂದು ಪತ್ರ ಕೊಟ್ಟು ಸಹಿ ಮಾಡಿಸಿಕೊಂಡಿರಿ.

ಪ್ರಶ್ನೆ: ಹೊಸದಾಗಿ 43 ಇಂಚಿನ ಟಿವಿ ಕೊಂಡು ಎಚ್‌ಡಿ ಬಾಕ್ಸ್ ಕೂಡ ಹಾಕಿಸಿದೆವು. ಆದರೂ ಅತ್ತೆಯವರು ನೋಡುವ ಧಾರಾವಾಹಿಗಳಲ್ಲಿ ಮುಖಗಳು ಅಗಲವಾಗಿ, ಮಸುಕಾಗಿ ಕಾಣುತ್ತವೆ. ಎಚ್‌ಡಿಗೆ ದೊಡ್ಡ ಡಿಶ್ ಬೇಕು ಎಂದು ಅಂಗಡಿಯವರು ಹೇಳುತ್ತಿದ್ದಾರೆ. ನಿಜವೇ?
– ಗೃಹಿಣಿ, ಮುಲುಂಡ್

ಉತ್ತರ: ನಿಜವಲ್ಲ, ದಯವಿಟ್ಟು ಡಿಶ್‌ಗೆ ಹಣ ಸುರಿಯಬೇಡಿ. ಎಸ್‌ಡಿ (ಹಳೆಯ, ಸಾಧಾರಣ ಸ್ಪಷ್ಟತೆಯ ಚಿತ್ರ) ಮತ್ತು ಎಚ್‌ಡಿ (ಹೆಚ್ಚು ಸ್ಪಷ್ಟತೆಯ ಚಿತ್ರ) ಎರಡೂ ಅದೇ ಉಪಗ್ರಹದಿಂದ, ಅದೇ ಡಿಶ್‌ಗೆ, ಅದೇ ಕೇಬಲ್‌ನಲ್ಲಿ ಬರುತ್ತವೆ. ವ್ಯತ್ಯಾಸವಿರುವುದು ಬಾಕ್ಸ್‌ನಲ್ಲಿ, ಪ್ಯಾಕ್‌ನಲ್ಲಿ ಮತ್ತು ಬಾಕ್ಸಿನಿಂದ ಟಿವಿಗೆ ಹೋಗುವ ವೈರ್‌ನಲ್ಲಿ.

ಮೊದಲು ಟಿವಿಯ ಹಿಂದೆ ಕೈ ಹಾಕಿ ನೋಡಿ. ಹಳದಿ, ಕೆಂಪು, ಬಿಳಿ ಮೂತಿಗಳ ಮೂರು ವೈರ್ ಇದ್ದರೆ ಅದೇ ನಿಮ್ಮ ತೊಂದರೆ. ಹಳೆಯ ಟಿವಿಯಿಂದ ಬಿಚ್ಚಿದ್ದನ್ನೇ ಹೊಸದಕ್ಕೆ ಚುಚ್ಚಿ ಹೋಗುವವರಿದ್ದಾರೆ. ಆ ಹಳದಿ ಮೂತಿಯಲ್ಲಿ 576 ಸಾಲುಗಳ ಹಳೆಯ ಮಟ್ಟದ ಚಿತ್ರ ಮಾತ್ರ ಹಾಯಬಲ್ಲದು. 1080 ಸಾಲುಗಳ ಎಚ್‌ಡಿ ಚಿತ್ರಕ್ಕೆ ಚಪ್ಪಟೆ ಮೂತಿಯ ಎಚ್‌ಡಿಎಂಐ ಕೇಬಲ್ಲೇ ಬೇಕು. ಅದನ್ನು ಹಾಕಿದ ಮೇಲೆ ಬಾಕ್ಸಿನ ಸೆಟ್ಟಿಂಗ್‌ನಲ್ಲಿ ಚಿತ್ರದ ಅಳತೆ 16:9 ಎಂದೂ ರೆಸಲ್ಯೂಷನ್ 1080 ಎಂದೂ ಇರುವಂತೆ ಮಾಡಿ. 4:3 ಆಕಾರದ ಚಿತ್ರವನ್ನು ಅಗಲದ ಪರದೆಗೆ ಎಳೆದಾಗ ಮುಖಗಳು ಅಗಲವಾಗುತ್ತವೆ.

ಇಷ್ಟಾದರೂ ಮಸುಕು ಹೋಗದಿದ್ದರೆ ಅತ್ತೆಯವರು ಒತ್ತುವ ಚಾನೆಲ್ ಸಂಖ್ಯೆಯನ್ನು ಗಮನಿಸಿ. ಕಲರ್ಸ್ ಕನ್ನಡ, ಝೀ ಕನ್ನಡ, ಉದಯ, ಸ್ಟಾರ್ ಸುವರ್ಣ ಈ ನಾಲ್ಕಕ್ಕೂ ಎಸ್‌ಡಿ, ಎಚ್‌ಡಿ ಎಂಬ ಎರಡೆರಡು ವಾಹಿನಿಗಳಿದ್ದು ಅವು ಬೇರೆ ಬೇರೆ ಸಂಖ್ಯೆಗಳಲ್ಲಿ ಬರುತ್ತವೆ. ವರ್ಷಗಳಿಂದ ಬಾಯಿಪಾಠವಾದ ಸಂಖ್ಯೆಯನ್ನೇ ಹಿರಿಯರು ಒತ್ತುತ್ತಾರೆ, ಅದು ಎಸ್‌ಡಿಯದು. ಎಚ್‌ಡಿ ಸಂಖ್ಯೆಗಳನ್ನು ಮೆಚ್ಚಿನ ಪಟ್ಟಿಗೆ ಸೇರಿಸಿ ಒಂದೇ ಗುಂಡಿಯಲ್ಲಿ ಬರುವಂತೆ ಮಾಡಿಕೊಡಿ. ಮಹಾರಾಷ್ಟ್ರದಲ್ಲಿ ತಾವಾಗಿಯೇ ಕೊಡುವ ಪ್ಯಾಕ್‌ಗಳು ಮರಾಠಿ, ಹಿಂದಿಗಳದಾಗಿರುತ್ತವೆ ಮತ್ತು ಕನ್ನಡ ಬೇಕೆಂದು ಕೇಳಿದರೂ ಎಸ್‌ಡಿಯದನ್ನೇ ಸೇರಿಸಿಬಿಡುತ್ತಾರೆ. 2019ರ ಫೆಬ್ರವರಿಯಿಂದ ಜಾರಿಗೆ ಬಂದ, ದೂರಸಂಪರ್ಕ ನಿಯಂತ್ರಣ ಸಂಸ್ಥೆಯಾದ ಟ್ರಾಯ್‌ನ ನಿಯಮದಂತೆ ಬೇಕಾದ ವಾಹಿನಿಗಳನ್ನು ಬಿಡಿಬಿಡಿಯಾಗಿ ಆರಿಸಿಕೊಳ್ಳುವ ಹಕ್ಕು ನಿಮಗಿದೆ. ಹೆಸರು ಹೇಳಿ, ಎಚ್‌ಡಿ ಎಂದು ಒತ್ತಿ ಹೇಳಿ, ಅದೇ ವಾಹಿನಿಯ ಎಸ್‌ಡಿಯನ್ನು ತೆಗೆಸಿ; ಒಂದೇ ಧಾರಾವಾಹಿಗೆ ಎರಡು ಬಾರಿ ಹಣ ಕೊಡುವ ಅಗತ್ಯವಿಲ್ಲ.

ಪ್ರಶ್ನೆ: ಜೋರು ಮಳೆ ಬಂದಾಗ ಚಿತ್ರ ನಿಲ್ಲುವುದು ನಮಗೆ ರೂಢಿಯಾಗಿದೆ. ಆದರೆ ಈ ಆಗಸ್ಟ್‌ನಿಂದ ಮಳೆ ನಿಂತ ಮೇಲೂ ಸುಮಾರು ಅರ್ಧದಷ್ಟು ಚಾನೆಲ್‌ಗಳು ಬರುತ್ತಲೇ ಇಲ್ಲ, ಉಳಿದರ್ಧ ಸ್ಪಷ್ಟವಾಗಿವೆ. ಬಾಕ್ಸ್ ಕೆಟ್ಟಿದೆ, ಬದಲಾಯಿಸಿ ಎನ್ನುತ್ತಾರೆ.
– ಎಂಜಿನಿಯರಿಂಗ್ ವಿದ್ಯಾರ್ಥಿ, ಕೋಥ್ರೂಡ್, ಪುಣೆ

ಉತ್ತರ: ಬಾಕ್ಸ್ ಬದಲಾಯಿಸುವ ಮುನ್ನ ಕನೆಕ್ಟರ್ ಬಿಚ್ಚಿ ನೋಡಿ. ನಿಮ್ಮ ಪತ್ರದಲ್ಲಿನ "ಅರ್ಧ" ಎಂಬ ಒಂದು ಮಾತಿನಲ್ಲೇ ರೋಗದ ಗುರುತು ಇದೆ.

ಉಪಗ್ರಹದಿಂದ ಅಲೆಗಳು ಎರಡು ಬಗೆಯಲ್ಲಿ, ಲಂಬವಾಗಿ ಮತ್ತು ಅಡ್ಡಲಾಗಿ ಕಂಪಿಸುತ್ತ ಬರುತ್ತವೆ. ವಾಹಿನಿಗಳನ್ನು ಈ ಎರಡರ ನಡುವೆ ಹಂಚಿರುತ್ತಾರೆ. ಡಿಶ್‌ನ ಮುಂದೆ ಕೋಲಿನ ತುದಿಯಲ್ಲಿರುವ, ಸಿಗ್ನಲ್ ಹಿಡಿದು ಕೇಬಲ್‌ಗೆ ಕೊಡುವ ಎಲ್‌ಎನ್‌ಬಿಗೆ ಯಾವುದನ್ನು ಹಿಡಿಯಬೇಕೆಂದು ಹೇಳುವುದು ಬಾಕ್ಸ್. ಅದು ಅದೇ ಕೇಬಲ್‌ನಲ್ಲಿ ಮೇಲಕ್ಕೆ 13 ವೋಲ್ಟ್ ಕಳುಹಿಸಿದರೆ ಲಂಬ, 18 ವೋಲ್ಟ್ ಕಳುಹಿಸಿದರೆ ಅಡ್ಡ. ಎಲ್ಲೋ ಒಂದು ಜೋಡಣೆಯಲ್ಲಿ ನೀರು ಸೇರಿ ತುಕ್ಕು ಹಿಡಿದರೆ 18 ವೋಲ್ಟ್ ಮೇಲೆ ಮುಟ್ಟುವಷ್ಟರಲ್ಲಿ ಕುಸಿದು, ಎಲ್‌ಎನ್‌ಬಿ ಅದನ್ನು 13 ಎಂದೇ ತಿಳಿಯುತ್ತದೆ. ಆಗ ಅಡ್ಡ ಅಲೆಯ ವಾಹಿನಿಗಳೆಲ್ಲ ಒಟ್ಟಿಗೆ ಹೋಗುತ್ತವೆ, ಲಂಬದವು ಏನೂ ಆಗದಂತೆ ಉಳಿಯುತ್ತವೆ. ಜೋರು ಮಳೆಯಲ್ಲಿ ಎಲ್ಲವೂ ಹೋಗಿ, ಮಳೆ ಇಳಿದ ಹತ್ತು ನಿಮಿಷಕ್ಕೆ ಎಲ್ಲವೂ ಮರಳುವುದು ಬೇರೆ ಸಂಗತಿ. 12 ಗಿಗಾಹರ್ಟ್ಸ್ ಆಸುಪಾಸಿನ ಅಲೆಗಳನ್ನು ಮಳೆಹನಿಗಳು ಹೀರಿಕೊಳ್ಳುವುದರಿಂದ ಆಗುವ ಅದು ದೋಷವಲ್ಲ.

ಠಾಣೆಯ ನಮ್ಮ ಮನೆಯಲ್ಲೇ ಹೀಗಾಗಿತ್ತು. ಅಳವಡಿಸಲು ಬಂದವರು ಕೇಬಲ್ ಸಾಲದೆ ಎರಡು ತುಂಡುಗಳನ್ನು ಕಿಟಕಿಯ ಹೊರಗೆ ಜೋಡಿಸಿ, ಮೇಲೆ ಸಾಮಾನ್ಯ ಕರೆಂಟಿನ ಟೇಪ್ ಸುತ್ತಿ ಹೋಗಿದ್ದರು. ಜುಲೈ ತಿಂಗಳಲ್ಲಿ ಅದನ್ನು ಬಿಚ್ಚಿದಾಗ ಒಂದು ಹನಿ ನೀರು ನನ್ನ ಅಂಗೈಗೆ ಬಿತ್ತು. ಕನೆಕ್ಟರ್ ಒಳಗೆ, ಹುಳಿ ತಾಗಿದ ಹಿತ್ತಾಳೆ ಪಾತ್ರೆಯಲ್ಲಿ ಕಾಣುವಂಥ ಹಸಿರು ಕಿಲುಬು ಕಟ್ಟಿತ್ತು. ನಡುವಿನ ತಾಮ್ರದ ಎಳೆ ಕಪ್ಪಾಗಿ, ಬೆರಳು ತಾಗಿದರೆ ಪುಡಿ ಉದುರುತ್ತಿತ್ತು. ಒಂದು ಗೇಣು ಕತ್ತರಿಸಿ, ಹೊಳೆಯುವ ಎಳೆ ಬರುವವರೆಗೆ ಸುಲಿದು, ಹೊಸ ಕನೆಕ್ಟರ್ ಹಾಕಿದ ಕೂಡಲೇ ಹೋದ ವಾಹಿನಿಗಳೆಲ್ಲ ಬಂದವು. ಅದಕ್ಕೂ ಮುನ್ನ ಎರಡು ಬಾಕ್ಸ್ ಬದಲಾಯಿಸಿ ಹಣ ತೆತ್ತಿದ್ದೆವು.

ನೀವು ಮಾಡಬೇಕಾದದ್ದು ಇಷ್ಟು. ಬಾಕ್ಸಿನ ಸ್ವಿಚ್ ಆರಿಸಿ, ಪ್ಲಗ್ ತೆಗೆದ ಮೇಲಷ್ಟೇ ಕೇಬಲ್ ಮುಟ್ಟಿ. ಎರಡೂ ತುದಿಗಳನ್ನೂ ನಡುವಿನ ಜೋಡಣೆಗಳನ್ನೂ ಬಿಚ್ಚಿ ನೋಡಿ, ಕಿಲುಬು ಕಂಡರೆ ಕತ್ತರಿಸಿ ಹೊಸದು ಹಾಕಿಸಿ. ಏನೂ ಕಾಣದಿದ್ದರೆ ಬಾಕ್ಸನ್ನೂ ಒಂದು ಚಿಕ್ಕ ಟಿವಿಯನ್ನೂ ಡಿಶ್ ಬಳಿಗೇ ಒಯ್ದು ಎರಡು ಮೀಟರ್ ಹೊಸ ಕೇಬಲ್‌ನಲ್ಲಿ ಜೋಡಿಸಿ. ಅಲ್ಲಿ ಎಲ್ಲವೂ ಬಂದರೆ ತಪ್ಪು ಹಳೆಯ ಕೇಬಲ್‌ನದು, ಅಲ್ಲೂ ಅರ್ಧವೇ ಬಂದರೆ ಎಲ್‌ಎನ್‌ಬಿ ಬದಲಾಯಿಸಿ ನೋಡಿ. ಹೊಸ ಕೇಬಲ್ ಎಳೆಸುವುದಾದರೆ ಜೋಡಣೆಯಿಲ್ಲದ ಒಂದೇ ಆರ್‌ಜಿ-6 ತುಂಡನ್ನು ಹಾಕಿಸಿ, ಅದು ಗೋಡೆಯೊಳಗೆ ಹೊಕ್ಕುವ ಮುನ್ನ ಒಂದಡಿ ಕೆಳಗಿಳಿದು ಮತ್ತೆ ಮೇಲೇರುವಂತೆ ಬಾಗು ಬಿಡಿಸಿ. ನೀರು ಆ ಬಾಗಿನಿಂದ ತೊಟ್ಟಿಕ್ಕಿ ಬೀಳುತ್ತದೆ, ಕೇಬಲ್‌ಗುಂಟ ಹರಿದು ಹಾಲ್‌ಗೆ ಬರುವುದಿಲ್ಲ.

ಪ್ರಶ್ನೆ: ಅಮೆರಿಕದಲ್ಲಿರುವ ಮಗ ರಜೆಗೆ ಬಂದಾಗ ತೆಳ್ಳಗಿನ ಆಂಟೆನಾ ಒಂದನ್ನು ತಂದುಕೊಟ್ಟಿದ್ದಾನೆ. ಅಲ್ಲಿ ಅದನ್ನು ಕಿಟಕಿಗೆ ಅಂಟಿಸಿದರೆ ಎಚ್‌ಡಿ ವಾಹಿನಿಗಳು ಪುಕ್ಕಟೆಯಾಗಿ ಬರುತ್ತವಂತೆ. ಹಿಂದೆ ನಾವೂ ಟೆರೇಸ್ ಮೇಲೆ ಆಂಟೆನಾ ತಿರುಗಿಸಿ ದೂರದರ್ಶನ ನೋಡಿದವರೇ. ಇಲ್ಲಿ ಇದು ನಡೆಯುತ್ತದೆಯೇ?
– ಹಿರಿಯ ನಾಗರಿಕರು, ಗೋರೆಗಾಂವ್

ಉತ್ತರ: ಮಗ ಹೇಳಿದ್ದು ಅಲ್ಲಿಗೆ ಸರಿ, ಆದರೆ ನೀವು ಬಯಸುವಂತೆ ಇಲ್ಲಿ ನಡೆಯದು. ಅಮೆರಿಕದಲ್ಲಿ 2009ರ ಜೂನ್ 12ರಂದು ದೊಡ್ಡ ಕೇಂದ್ರಗಳೆಲ್ಲ ಡಿಜಿಟಲ್‌ಗೆ ಬದಲಾದವು, ಖಾಸಗಿ ವಾಹಿನಿಗಳೂ ನೆಲದ ಗೋಪುರಗಳಿಂದಲೇ ಎಚ್‌ಡಿ ಪ್ರಸಾರ ಮಾಡುತ್ತವೆ. ನಮ್ಮಲ್ಲಿ ನೆಲದ ಗೋಪುರಗಳಿಂದ ಟಿವಿ ಪ್ರಸಾರ ಮಾಡುವುದು ದೂರದರ್ಶನವೊಂದೇ. 1972ರ ಅಕ್ಟೋಬರ್ 2ರಂದು ಮುಂಬಯಿ ಕೇಂದ್ರ ಶುರುವಾದ ಮೇಲೆ ನೀವು ಆಂಟೆನಾ ತಿರುಗಿಸುತ್ತಿದ್ದುದು ವರ್ಲಿಯ 300 ಮೀಟರ್ ಎತ್ತರದ ಆ ಗೋಪುರದ ಕಡೆಗೆ. ಪುಣೆಯವರು ಸಿಂಹಗಡದ ಕಡೆಗೆ ತಿರುಗಿಸುತ್ತಿದ್ದರು. ಆ ಹಳೆಯ ಅನಲಾಗ್ ಪ್ರಸಾರವನ್ನು 2022ರ ಮಾರ್ಚ್ ಕೊನೆಯ ಹೊತ್ತಿಗೆ, ಆಯಕಟ್ಟಿನ ಕೆಲವು ಜಾಗಗಳ ಹೊರತು, ದೇಶದಾದ್ಯಂತ ನಿಲ್ಲಿಸಲಾಯಿತು. 2016ರ ಫೆಬ್ರವರಿಯಲ್ಲಿ ಮುಂಬಯಿ, ಬೆಂಗಳೂರು ಸೇರಿ 16 ನಗರಗಳಲ್ಲಿ ಡಿವಿಬಿ-ಟಿ2 ಎಂಬ ಪದ್ಧತಿಯ ಡಿಜಿಟಲ್ ಪ್ರಸಾರ ಆರಂಭವಾಯಿತು, ಆದರೆ ಅದರಲ್ಲಿ ಕೊಟ್ಟದ್ದು ದೂರದರ್ಶನದ ಬೆರಳೆಣಿಕೆಯ ಎಸ್‌ಡಿ ವಾಹಿನಿಗಳನ್ನು. ಆಂಟೆನಾ ಎಂಬುದು ಬರಿಯ ಲೋಹ, ಅದಕ್ಕೆ ದೇಶಭೇದವಿಲ್ಲ. ಅರ್ಥ ಮಾಡಿಕೊಳ್ಳಬೇಕಾದದ್ದು ಟಿವಿಯೊಳಗಿನ ಟ್ಯೂನರ್. ನಿಮ್ಮ ಟಿವಿಯ ಕೈಪಿಡಿಯಲ್ಲಿ ಡಿವಿಬಿ-ಟಿ2 ಎಂದು ನಮೂದಿಸಿದ್ದರೆ ಆ ಆಂಟೆನಾವನ್ನು ವರ್ಲಿಯ ಕಡೆಯ ಕಿಟಕಿಗೆ ಅಂಟಿಸಿ ಒಮ್ಮೆ ಚಾನೆಲ್ ಹುಡುಕಿಸಿ ನೋಡಿ, ಅದಕ್ಕೆ ಕಾಸು ಖರ್ಚಿಲ್ಲ. ಅಮೆರಿಕದಿಂದ ಟಿವಿಯನ್ನೇ ತರಿಸುವ ಯೋಚನೆಯಿದ್ದರೆ ಮಾತ್ರ ಬಿಟ್ಟುಬಿಡಿ, ಅಲ್ಲಿನ ಟ್ಯೂನರ್ ಪದ್ಧತಿ ಬೇರೆ. ಕನ್ನಡ ಬೇಕೆಂದರೆ ವರ್ಲಿಯಿಂದ ಬರುವ ಪ್ರಾದೇಶಿಕ ವಾಹಿನಿ ಮರಾಠಿಯ ಸಹ್ಯಾದ್ರಿ. ಚಂದನಕ್ಕಾಗಿ ನೀವೂ ಆಗ್ನೇಯಕ್ಕೇ ತಿರುಗಬೇಕು.

ಪ್ರಶ್ನೆ: ನಾವು ಬಾಗಲಕೋಟೆ ಕಡೆಯವರು, ವಾಸ್ಕೋದಲ್ಲಿ ಹೆಂಚಿನ ಬಾಡಿಗೆ ಮನೆಯಲ್ಲಿದ್ದೇವೆ. ತಿಂಗಳು ತಿಂಗಳು ರೀಚಾರ್ಜ್ ಮಾಡುವುದು ನಮ್ಮಿಂದ ಆಗುವುದಿಲ್ಲ. ಊರಿನಲ್ಲಿದ್ದಂತೆ ಛತ್ರಿ ಹಾಕಿ ಚಂದನ ನೋಡುವ ಆಸೆ. ಮನೆಯ ಸುತ್ತ ತೆಂಗಿನ ಮರಗಳಿವೆ, ಸಮುದ್ರ ಹತ್ತಿರ.
– ಹಡಗುಕಟ್ಟೆಯ ಕಾರ್ಮಿಕರು, ವಾಸ್ಕೋ ಡ ಗಾಮಾ

ಉತ್ತರ: ನಿಮಗೆ ತಕ್ಕದ್ದು ಡಿಡಿ ಫ್ರೀ ಡಿಶ್. 2004ರ ಡಿಸೆಂಬರ್‌ನಿಂದ ನಡೆಯುತ್ತಿರುವ ಈ ಸರ್ಕಾರಿ ಸೇವೆಗೆ ಮಾಸಿಕ ಶುಲ್ಕವಿಲ್ಲ. ಡಿಶ್, ಎಲ್‌ಎನ್‌ಬಿ, ಬಾಕ್ಸ್, ಕೇಬಲ್‌ಗಳಿಗೆ ಒಮ್ಮೆ ಕೊಟ್ಟರೆ ಆಯಿತು. ಚಂದನ ಅದರಲ್ಲಿದೆ. ಬಾಕ್ಸ್ ಕೊಳ್ಳುವಾಗ ಎಂಪೆಗ್-4 ಎಂದು ಬರೆದದ್ದನ್ನೇ ಕೇಳಿ ಪಡೆಯಿರಿ; ಹಳೆಯ ಎಂಪೆಗ್-2 ಬಾಕ್ಸ್ ಅಗ್ಗವಾದರೂ ಕೆಲವು ವಾಹಿನಿಗಳನ್ನು ಅದು ತೋರಿಸದು. ಹೆಚ್ಚಿನ ವಾಹಿನಿಗಳು ಎಸ್‌ಡಿಯವೇ ಎಂಬುದು ತಿಳಿದಿರಲಿ, ಖಾಸಗಿ ಕನ್ನಡ ವಾಹಿನಿಗಳ ಎಚ್‌ಡಿಯನ್ನು ಇದರಲ್ಲಿ ನಿರೀಕ್ಷಿಸಬೇಡಿ. ಹಿಂದಿನ ಬಾಡಿಗೆದಾರರು ಬಿಟ್ಟುಹೋದ 60 ಸೆಂಟಿಮೀಟರ್‌ನ ಡಿಶ್ ಸೊಟ್ಟಗಾಗದೆ ಇದ್ದರೆ ಅದನ್ನೇ ತಿರುಗಿಸಿಕೊಳ್ಳಬಹುದು.

ಗೋವೆಯಿಂದ ಈ ಉಪಗ್ರಹ 61 ಡಿಗ್ರಿ ಎತ್ತರದಲ್ಲಿದೆ, ದಿಕ್ಕು ಉತ್ತರದಿಂದ ಬಲಕ್ಕೆ ಸುಮಾರು 127 ಡಿಗ್ರಿ. ಡಿಶ್‌ನಿಂದ ಐದು ಮೀಟರ್ ದೂರದ ತೆಂಗು ಆ ದಿಕ್ಕಿನಲ್ಲಿದ್ದು, ಡಿಶ್‌ಗಿಂತ ಒಂಬತ್ತು ಮೀಟರ್ ಮೇಲೆ ಹೋಗಿದ್ದರೆ ಗರಿಗಳು ಅಡ್ಡ ಬರುತ್ತವೆ. ಗಾಳಿ ಬೀಸಿದಾಗ ಚಿತ್ರ ಬಂದು ಹೋಗಿ ಮಾಡಿದರೆ ಅದು ಗರಿಗಳದ್ದೇ ಕೆಲಸ, ಮರವನ್ನು ಕಡಿಯುವ ಬದಲು ಡಿಶ್ಶನ್ನು ಅಂಗಳದ ಇನ್ನೊಂದು ಮೂಲೆಗೆ ಸರಿಸಿ. ಹೆಂಚಿನ ಮೇಲೆ ಮಾತ್ರ ಡಿಶ್ ಕೂರಿಸಬೇಡಿ. ಮಳೆಗಾಲದ ಗಾಳಿಗೆ ಅದು ಅಲುಗಿ ಹೆಂಚು ಒಡೆಯುತ್ತದೆ, ಡಿಶ್ ಒಂದೆರಡು ಡಿಗ್ರಿ ತಿರುಗಿದರೂ ಸಿಗ್ನಲ್ ಹೋಗುತ್ತದೆ. ಮನೆಯ ಯಜಮಾನರನ್ನು ಕೇಳಿ ಅಂಗಳದಲ್ಲಿ ಒಂದೂವರೆ ಅಡಿ ಗುಂಡಿ ತೆಗೆದು, ಕಾಂಕ್ರೀಟ್ ಹಾಕಿ, ಕಲಾಯಿ ಮಾಡಿದ ಪೈಪೊಂದನ್ನು ತೂಕದ ಗುಂಡಿನಿಂದ ನೇರ ನೋಡಿ ನಿಲ್ಲಿಸಿ. ಪೈಪ್ ನೇರವಾಗಿ ನಿಂತರೆ ಉಪಗ್ರಹ ಹುಡುಕುವ ಕೆಲಸ ಅರ್ಧ ಮುಗಿದಂತೆ. ಉಪ್ಪುಗಾಳಿಗೆ ಮೊದಲು ತಿನ್ನಿಸಿಕೊಳ್ಳುವುದು ನಟ್ಟು ಬೋಲ್ಟುಗಳು. ಅವನ್ನು ಸ್ಟೇನ್‌ಲೆಸ್ ಸ್ಟೀಲಿನವನ್ನೇ ಹಾಕಿ, ಬಿಗಿದ ಮೇಲೆ ಗ್ರೀಸ್ ಸವರಿ, ಪ್ರತಿವರ್ಷ ಮೇ ತಿಂಗಳಲ್ಲಿ ಮಳೆಗೆ ಮುನ್ನ ಮತ್ತೊಮ್ಮೆ ಸವರಿ. ಎಲ್‌ಎನ್‌ಬಿಯ ಕನೆಕ್ಟರ್ ಮೇಲೆ ಇರುವ ರಬ್ಬರ್ ಟೊಪ್ಪಿಗೆಯನ್ನು ಎಷ್ಟೋ ಜನ ಎಸೆದುಬಿಡುತ್ತಾರೆ, ಅದನ್ನು ಕೇಬಲ್‌ಗೆ ಮೊದಲೇ ಪೋಣಿಸಿಕೊಂಡು, ಬಿಗಿದ ಮೇಲೆ ಮೇಲಕ್ಕೆ ಸರಿಸಿ ಮುಚ್ಚಿ.